ನನ್ನ ಬಳಿ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್ ಗಿಟಾರ್) ಇದೆ. ಗಿಟಾರ್ ವಾದಕ ತಕನಾಕ, ಟಿ-ಸ್ಕ್ವೇರ್ ಬ್ಯಾಂಡಿನ ‘ಟ್ರುತ್’ ಇರುವ ನನ್ನ ಪಟ್ಟಿಯಂಥ ಜಪಾನಿ ಫ್ಯೂಷನ್ (ಜಾಝ್-ರಾಕ್ ಬೆರಕೆ) ಸೋಲೋ ಟೋನ್ ಬೇಕು, ಯಾವ ಡಿಸ್ಟಾರ್ಷನ್ ಪೆಡಲ್ ಕೊಳ್ಳಲಿ?

ಡಿಸ್ಟಾರ್ಷನ್ ಯಾವುದೂ ಬೇಡ, ಹಗುರವಾದ ಓವರ್‌ಡ್ರೈವ್ ಸಾಕು. ಕೈಯಲ್ಲಿ ಸ್ಟ್ರಾಟ್, ಕಿವಿಯಲ್ಲಿ ತಕನಾಕ, ತಲೆಯಲ್ಲಿ ಹೊಸ ಪೆಡಲ್. ಈ ರೋಗ ನನಗೂ ಇತ್ತು.

ಮಸಯೋಶಿ ತಕನಾಕ, ಕ್ಯಾಸಿಯೋಪಿಯಾ ಬ್ಯಾಂಡಿನ ಗಿಟಾರ್ ವಾದಕ ಇಸ್ಸೇ ನೊರೊ ಇಬ್ಬರೂ ನುಡಿಸಿದ್ದು ಯಮಹಾ ಎಸ್‌ಜಿ-2000 ಗಿಟಾರ್. ಹಂಬಕರ್ (ಜೋಡಿ ಸುರುಳಿಯ) ಪಿಕಪ್, ಬಾಡಿಯುದ್ದಕ್ಕೂ ಹಾದುಹೋಗುವ ನೆಕ್, ಸಸ್ಟೇನ್‌ಗೆಂದೇ (ಸ್ವರ ಹೆಚ್ಚು ಹೊತ್ತು ನಿಲ್ಲಲೆಂದೇ) ಬ್ರಿಜ್ ಕೆಳಗೆ ಕೂರಿಸಿದ ಹಿತ್ತಾಳೆ ತುಂಡು. ಅದನ್ನೇ ಹುಡುಕಿ ದುಡ್ಡು ಸುರಿಯಬೇಡಿ, ಹಂಬಕರ್ ಇರುವ ಯಾವ ಗಿಟಾರಾದರೂ ನಡೆಯುತ್ತದೆ. ಸದ್ಯಕ್ಕೆ ನಿಮ್ಮ ಸ್ಟ್ರಾಟ್‌ನಲ್ಲೇ ನೆಕ್ ಪಿಕಪ್ ಹಾಕಿ, ಟೋನ್ ನಾಬ್ 6–7ಕ್ಕೆ ಇಳಿಸಿ.

ಕ್ರಮ ಹೀಗಿರಲಿ: ಕಂಪ್ರೆಸರ್, ಓವರ್‌ಡ್ರೈವ್, ಕೋರಸ್, ಡಿಲೇ, ಕೊನೆಗೆ ಸ್ವಲ್ಪ ರಿವರ್ಬ್. ಆಂಪ್ ಪೂರ್ತಿ ಕ್ಲೀನ್. ಓವರ್‌ಡ್ರೈವ್‌ಗೆ ಐಬನೆಜ್ ಟಿಎಸ್-9 ಅಥವಾ ಬಾಸ್ ಎಸ್‌ಡಿ-1 ಪೆಡಲ್ ಧಾರಾಳ. ಡ್ರೈವ್ ಗಡಿಯಾರದ 10 ಗಂಟೆಯ ಜಾಗದಲ್ಲಿ, ಲೆವೆಲ್ 2 ಗಂಟೆಯ ಜಾಗದಲ್ಲಿ. ಡ್ರೈವ್ ಅದಕ್ಕಿಂತ ಏರಿಸಿದರೆ ಪಿಕ್ ತಾಗುವ ಮೊದಲ ‘ಟಕ್’ ಸತ್ತುಹೋಗುತ್ತದೆ. ಈ ಶೈಲಿಯ ಜೀವ ಇರುವುದೇ ಆ ‘ಟಕ್’ನಲ್ಲಿ. ಸ್ವರವನ್ನು ಎಳೆದು ನಿಲ್ಲಿಸುವ ಕೆಲಸ ಕಂಪ್ರೆಸರ್‌ಗೆ ಬಿಡಿ. ಅದರ ಸಸ್ಟೇನ್ ನಾಬ್ ಅರ್ಧ ದಾಟಿದರೆ ಮಾತ್ರ ‘ಸ್ಸ್’ ಎಂಬ ಹಿಸ್ ಏಳುತ್ತದೆ.

ಹೆಚ್ಚಿನವರು ಎಡವುವುದು ಕೋರಸ್‌ನಲ್ಲಿ. ಅದನ್ನು ಓವರ್‌ಡ್ರೈವ್‌ಗಿಂತ ಮುಂಚೆ ಇಡುತ್ತಾರೆ. ಕೋರಸ್ ಮಾಡುವುದೇನು? ನಿಮ್ಮ ಸ್ವರದ ಇನ್ನೊಂದು ಪ್ರತಿಯನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ, ಶ್ರುತಿಯನ್ನು ಚೂರು ಅಲುಗಾಡಿಸಿ ಮೂಲದ ಜೊತೆ ಸೇರಿಸುತ್ತದೆ. ಈ ಎರಡೂ ಓವರ್‌ಡ್ರೈವ್‌ನಲ್ಲಿ ಒಟ್ಟಿಗೆ ಕ್ಲಿಪ್ ಆದರೆ (ಅಲೆಯ ತುದಿ ಕತ್ತರಿಸಿಹೋದರೆ) ಅವುಗಳ ಮೊತ್ತ, ವ್ಯತ್ಯಾಸದ ಫ್ರೀಕ್ವೆನ್ಸಿಗಳೂ ಹುಟ್ಟುತ್ತವೆ. ಒಂಟಿ ಸ್ವರ ಗೊಗ್ಗರಾಗುತ್ತದೆ, ಎರಡು ತಂತಿ ಒಟ್ಟಿಗೆ ಮೀಟಿದರೆ ಕೆಸರು. ಆಗ ಜನ ಪೆಡಲ್ಲನ್ನು ಬೈದು ಇನ್ನೊಂದು ಪೆಡಲ್ ತರುತ್ತಾರೆ! ಕೋರಸ್ ಆಮೇಲೆ ಬಂದರೆ ಆಗಲೇ ಕ್ಲಿಪ್ ಆದ ಸ್ವರದ ಎರಡು ಪ್ರತಿಗಳು ಸುಮ್ಮನೆ ಕೂಡಿಕೊಳ್ಳುತ್ತವೆ, ಅಷ್ಟೇ. 1975ರ ರೋಲ್ಯಾಂಡ್ ಜೆಸಿ-120ಯಲ್ಲಿ ಈ ತಪ್ಪು ಮಾಡಲು ಆಸ್ಪದವೇ ಇಲ್ಲ: ಕೋರಸ್ ಆಂಪ್‌ನೊಳಗೇ ಇದೆ, ಒಂದು ಸ್ಪೀಕರ್‌ನಲ್ಲಿ ಮೂಲ ಸ್ವರ, ಇನ್ನೊಂದರಲ್ಲಿ ಅಲುಗಾಡಿದ್ದು, ಎರಡೂ ಬೆರೆಯುವುದು ಗಾಳಿಯಲ್ಲಿ. ಹಾಗಾಗಿ ಸಾಧ್ಯವಾದರೆ ಸ್ಟೀರಿಯೋದಲ್ಲೇ ನುಡಿಸಿ. ರೇಟ್ ನಿಧಾನ, ಡೆಪ್ತ್ ಕಡಿಮೆ. ‘ಓಹ್, ಕೋರಸ್ ಹಾಕಿದ್ದಾನೆ’ ಅಂತ ಗೊತ್ತಾಗುವಷ್ಟು ಬೇಡ.

ಡಿಲೇ ಹಾಡಿನ ಲಯಕ್ಕೆ ಕೂರಲಿ. 60000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ) ಭಾಗಿಸಿ, 0.75ರಿಂದ ಗುಣಿಸಿ. 120 ಬಿಪಿಎಂಗೆ 375 ಮಿಲಿಸೆಕೆಂಡ್. ಎರಡು ಮೂರು ರಿಪೀಟ್, ಮಿಕ್ಸ್ 20 ಪರ್ಸೆಂಟ್.

ಇನ್ನೊಂದು ಮಾತು. ಟಿ-ಸ್ಕ್ವೇರ್‌ನ ‘ಟ್ರುತ್’ ಕೂಡ ನಿಮ್ಮ ಪಟ್ಟಿಯಲ್ಲಿದೆ. ಅದರ ಮುಖ್ಯ ಟ್ಯೂನ್ ಗಿಟಾರಿನದ್ದಲ್ಲ ಸ್ವಾಮಿ, ಊದಿ ನುಡಿಸುವ ಸಿಂಥಸೈಸರ್‌ನದ್ದು. ಅದಕ್ಕಾಗಿ ಪೆಡಲ್ ಹುಡುಕುವುದನ್ನು ಇವತ್ತೇ ನಿಲ್ಲಿಸಿ.