ಪ್ರತಿಕ್ರಿಯೆ: ರಾಯಚೂರು ಸಂಕಿರಣದಲ್ಲಿ ಕಿರುಕುಳ, ನಾಳೆ ಎರಡನೇ ದಿನ ಹೋಗಲೋ ಬೇಡವೋ?

ಸಂಕಿರಣದ ಮುಖ್ಯ ಅತಿಥಿ ನಿಮ್ಮ ಸಂಶೋಧನಾ ಪೋಸ್ಟರ್ ಹತ್ತಿರ ಹೆಗಲ ಮೇಲೆ ಕೈ ಹಾಕಿದ, ರಾತ್ರಿ ಮೆಸೇಜುಗಳನ್ನೂ ಕಳಿಸಿದ ಎಂದು ಬರೆದಿದ್ದೀರಿ. ಆತನಿಗೆ ನಿಮ್ಮ ನಂಬರ್ ಸಿಕ್ಕಿದ್ದು ಬಹುತೇಕ ಸಂಕಿರಣದ ಪ್ರಬಂಧಗಳ ಸಾರಾಂಶ ಪುಸ್ತಿಕೆಯಿಂದಲೇ. ಹೆಸರಿನ ಪಕ್ಕದಲ್ಲೇ ಮೊಬೈಲ್ ನಂಬರ್ ಅಚ್ಚು ಹಾಕುವ ಕೆಟ್ಟ ಚಾಳಿ ಇನ್ನೂ ಹೋಗಿಲ್ಲ. ನಾನು ಒಂದು ಸಂಕಿರಣದ ನೋಂದಣಿ ಮೇಜಿನಲ್ಲಿದ್ದಾಗ ಇಂಥದ್ದೇ ದೂರು ಬಂದಿತ್ತು.

ರಾತ್ರಿಯ ಮೆಸೇಜುಗಳನ್ನು ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಪೋಸ್ಟರ್ ಹತ್ತಿರ ಹೆಗಲ ಮೇಲೆ ಕೈ ಹಾಕಿದ್ದು ಎಷ್ಟು ಹೊತ್ತಿಗೆ, ಪಕ್ಕದ ಪೋಸ್ಟರಿನವರು ನೋಡಿದರೇ, ಎಲ್ಲ ಇವತ್ತೇ ಬರೆದಿಡಿ. ವಾರ ಕಳೆದರೆ ನೆನಪು ಕೈಕೊಡುತ್ತದೆ.

ನಾಳೆ ಹೋಗಿ, ಆದರೆ ಜೊತೆಗೊಬ್ಬರು ಇರಲಿ. ಅದಕ್ಕೂ ಮುಂಚೆ ಸಂಘಟನಾ ಕಾರ್ಯದರ್ಶಿಗೆ ಇಮೇಲ್ ಕಳಿಸಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಪೋಸ್ಟರ್ ಜಾಗ ಬದಲಿಸಿ, ಆತನನ್ನು ನಿಮ್ಮ ಗೋಷ್ಠಿಯ ಅಧ್ಯಕ್ಷತೆಯಿಂದ ತೆಗೆಯಿರಿ ಎಂದು ಕೇಳಿ. ಆತ ಮುಖ್ಯ ಅತಿಥಿ ಅಂದಿರಲ್ಲ, ಕೂಡಲೇ ಒಪ್ಪುತ್ತಾರೆ ಅನ್ನುವ ಭರವಸೆ ನನಗಿಲ್ಲ. ರಾತ್ರಿ ನಿಮ್ಮ ಲಾಡ್ಜ್ ಕಡೆ ಸುಳಿದರೆ ಯೋಚಿಸದೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ.

‘ಆತ ಹೊರಗಿನವರು, ಬಿಟ್ಟುಬಿಡು’ ಎಂದ ನಿಮ್ಮ ಗೈಡ್ (ಸಂಶೋಧನಾ ಮಾರ್ಗದರ್ಶಕರ) ಮಾತು ಒಪ್ಪಬೇಡಿ. ನೀವು ಸಂಶೋಧನಾ ವಿದ್ಯಾರ್ಥಿನಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಲೈಂಗಿಕ ಕಿರುಕುಳ ತಡೆಯ 2015ರ ನಿಯಮಗಳಲ್ಲಿ ಹೊರಗಿನವರಿಂದಾಗುವ ಕಿರುಕುಳವೂ ಸೇರಿದೆ. ನಿಮ್ಮ ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಿ. ವಿಚಾರಣೆಗೆ 90 ದಿನಗಳ ಗಡುವಿದೆ. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಜಾರಿಕೊಳ್ಳಬಹುದು, ಹಾಗಾಗಿ ಆತನ ಸಂಸ್ಥೆಯ ಸಮಿತಿಗೂ ಒಂದು ಪ್ರತಿ ಹೋಗಲಿ. ಎರಡಕ್ಕೂ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.