ನಾಣ್ಯದ ತಪ್ಪು ಟಂಕಸಾಲಿದೋ, ಊರಂದೋ?

ಪ್ರಶ್ನೆ: ಸರ್, ಶಹಾಪುರದಾಗ ನಮ್ದು ಕಿರಾಣಿ ಅಂಗಡಿ. ಗಲ್ಲಾದಾಗ ಬಂದ ಹಳೇ ಒಂದ್ರೂಪಾಯಿ ಸ್ಟೀಲ್ ನಾಣ್ಯದ ಅಂಚು ಒಂದ್ ಕಡೆ ಚಂದ್ರನಂಗ ಕಡದದ. ಇಂಥಾದ್ದಕ್ಕ ಲಕ್ಷಗಟ್ಟಲೆ ರೊಕ್ಕ ಕೊಡ್ತಾರಂತ ಮೊಬೈಲ್‌ನಾಗ ವಿಡಿಯೋ ನೋಡೀನಿ. ನನ್ನ ಮಗ ಮಾತ್ರ ಯಾರೋ ಅರ ಹಾಕಿ ತಿಕ್ಕ್ಯಾರ ಅಂತಾನ. ಯಾವುದು ಖರೆ?

ಉತ್ತರ: ಮಗನ ಮಾತು ತಗದ್ ಹಾಕಬ್ಯಾಡ್ರಿ, ಹಂಗಂತ ನಾಣ್ಯ ಗಲ್ಲಾಕ್ಕ ವಾಪಸ್ ಒಗಿಬ್ಯಾಡ್ರಿ. ಮಿಂಟ್‌ನಾಗ (ಟಂಕಸಾಲ್ಯಾಗ) ಮೊದಲು ಉದ್ದನೆ ಲೋಹದ ಪಟ್ಟಿಯಿಂದ ದುಂಡ ಬಿಲ್ಲಿ ಕತ್ತರಿಸ್ತಾರ, ಮನ್ಯಾಗ ಲಟ್ಟಿಸಿದ ಹಿಟ್ಟಿನ ಮ್ಯಾಲ ಡಬ್ಬಿ ಮುಚ್ಚಳ ಒತ್ತಿ ಪುರಿ ತಗದಂಗ. ಪಟ್ಟಿ ಸರಿಯಾಗಿ ಮುಂದ ಸರಿಲಿಲ್ಲಂದ್ರ ಮೊದಲಿನ ತೂತಿನ ಮ್ಯಾಲೇ ಅರ್ಧ ಬೀಳ್ತದ, ಬಿಲ್ಲಿ ಕಡದು ಬರ್ತದ. ಆಮ್ಯಾಲ ಅದು ಅಂಚು ಎಬ್ಬಿಸೋ ಮಷೀನಿಗೆ ಹೋಗ್ತದ, ಅದು ಬಿಲ್ಲಿನ್ನ ಎರಡೂ ಬದಿಯಿಂದ ಒತ್ತಿ ಉರುಳಸ್ತದ, ಈಗ ಒಂದ್ ಬದಿಗೆ ಲೋಹನೇ ಇಲ್ಲಂದ್ರ ಎದುರಿನ ಬದಿಗೂ ಒತ್ತು ಸಿಗಂಗಿಲ್ಲ ನೋಡ್ರಿ. ಅದಕ್ಕ ಕಡದ ಜಾಗಾ ಬಿಟ್ಟು ಅದರ ನೇರ ಎದುರಿನ ಅಂಚು ನೋಡ್ರಿ. ಅಲ್ಲಿ ಅಂಚು ತೆಳ್ಳಗಾಗಿ ಮಾಸಿದಂಗ ಇದ್ರ ಮಿಂಟಿನ ತಪ್ಪೇ ಅನ್ನಾಕ ಭಾಳ ಬಲ ಬರ್ತದ (ಪ್ರತಿ ಸಲ ಹಂಗ ಕಾಣ್ತದಂತಿಲ್ಲ, ಅದೂ ಹೇಳ್ತೀನಿ). ಕಡದ ಜಾಗದ ಹತ್ರ ಇರೋ ಅಕ್ಷರನೂ ನೋಡ್ರಿ, ಮಿಂಟಿನ್ದಾದ್ರ ಅಕ್ಷರ ಆ ಕಡೆ ಜಗ್ಗಿದಂಗಾಗಿ ಮೆತ್ತಗಾಗ್ತಾವ, ಅರ ಹಾಕಿದ್ರ ಚಾಕು ಇಟ್ಟಂಗ ಫಟ್ ಅಂತ ಕಟ್ ಆಗಿರ್ತಾವ, ಭೂತಗನ್ನಡಿ ಹಿಡದ್ರ ಗೀರೂ ಸಿಗ್ತಾವ. ತೂಕದ ಮಾತು ಇಲ್ಲಿ ಕೆಲಸಕ್ಕ ಬರಂಗಿಲ್ಲ. ಆ ನಾಣ್ಯ ಪೂರ್ತಿ ಇದ್ರ 25 ಮಿಲಿಮೀಟರ್, 4.85 ಗ್ರಾಂ, ಆದ್ರ ಅರ ಹಾಕಿದ್ರೂ ತೂಕ ಕಮ್ಮಿನೇ ಅಲ್ಲೇನ್ರಿ.

ಲಕ್ಷದ ಮಾತಂತೂ ಬಿಡ್ರಿ. ಇಂಥಾ ಕಡದ ನಾಣ್ಯಕ್ಕ ಹವ್ಯಾಸದವ್ರು ಏನರ ಒಂದಿಷ್ಟು ಹೆಚ್ಚಿಗಿ ಕೊಡಬಹುದು ಅಷ್ಟೇ. ಮೊದಲು ಫೀ ಕಟ್ರಿ, ಟ್ಯಾಕ್ಸ್ ಕಟ್ರಿ ಅಂತ ಯಾರರ ಫೋನ್ ಮಾಡಿದ್ರ ಕಟ್ ಮಾಡ್ರಿ, ರಿಸರ್ವ್ ಬ್ಯಾಂಕಿನ ಹೆಸರು ಹೇಳ್ಕೊಂಡು ಹಿಂಗ ಹಳೇ ನಾಣ್ಯದ ವ್ಯವಹಾರಕ್ಕ ಕಮಿಷನ್ ಕೇಳ್ತಾರ, ನಾವು ಇಂಥಾ ವ್ಯವಹಾರ ಮಾಡಂಗಿಲ್ಲ ಅಂತ 2021ರ ಆಗಸ್ಟ್‌ನಾಗ ಬ್ಯಾಂಕೇ ಪ್ರಕಟಣೆ ಕೊಟ್ಟದ.

ಪ್ರಶ್ನೆ: ಬೀದರ್‌ನಿಂದ ಬರಿಯಾಕತ್ತೀನಿ. ಜಾತ್ರ್ಯಾಗ ಎರಡೂ ಕಡೆ ಸಿಂಹ ಇರೋ ಐದ್ರೂಪಾಯಿ ತಗೊಂಡೀನಿ. ಮಿಂಟ್‌ನಾಗ ಅಚ್ಚು ಅದಲುಬದಲು ಆಗ್ಯಾದಂತ ಮಾರಿದವ ಹೇಳ್ದ.

ಉತ್ತರ: ಅಣ್ಣಾ, ಎಷ್ಟಕ್ಕ ತಗೊಂಡ್ರಿ ಅಂತ ಬರೀಲಿಲ್ಲ, ಬರೀದಿದ್ದೇ ಛಲೋ ಆತು. ಕಾಲೇಜಿನಾಗ ಇದ್ದಾಗ ಶರಣಬಸವೇಶ್ವರ ಜಾತ್ರ್ಯಾಗ ನಾನೂ ಇಂಥಾದ್ದು 300 ಕೊಟ್ಟು ತಗೊಂಡು ವಾರಗಟ್ಟಲೆ ಎಲ್ಲಾರಿಗೂ ತೋರಿಸ್ಕೋತ ಅಡ್ಡಾಡಿದ್ದೆ. ಒಂದಿನ ನಮ್ಮ ಸರಾಫ್ ಕಾಕಾ ಅದನ್ನ ಕಲ್ಲಿನ ಮ್ಯಾಲ ಬೀಳಿಸಿದ್ರು, ಬಾಜೂಕ ಒಂದು ಸಾದಾ ಐದ್ರೂಪಾಯಿ ಬೀಳಿಸಿದ್ರು. ಸಾದಾದ್ದು ಠಣ್ ಅಂತು, ನಂದು ಠಪ್ ಅಂತು. ಆಟಾ ತೋರಿಸೋರಿಗಿ ಅಂತ ಇವನ್ನ ಮಾಡ್ತಾರ, ಒಂದು ನಾಣ್ಯದ ಹೊಟ್ಟಿ ಕೊರದು ಇನ್ನೊಂದನ್ನ ತೆಳ್ಳಗ ಮಾಡಿ ಅದರೊಳಗ ಕೂಡಸ್ತಾರ. ಕೂಡಿಸಿದ ಗೆರಿ ಅಂಚಿನ ಮ್ಯಾಲ ಹುಡುಕಿದ್ರ ಸಿಗಂಗಿಲ್ಲ, ಅಂಚಿನ ಒಳಗೋಡಿ ಹೊಟ್ಟಿಗೆ ಕೂಡೋ ಮೂಲ್ಯಾಗ ಹುಡುಕ್ರಿ. ಹಳೇ ದಪ್ಪ ಐದ್ರೂಪಾಯಿ ಆದ್ರ 9 ಗ್ರಾಂ ತೂಗಬೇಕು, ಸರಾಫ್ ಅಂಗಡಿ ತೂಕದಾಗ ನೋಡ್ರಿ.

ಪ್ರಶ್ನೆ: ಹತ್ರೂಪಾಯಿ ನಾಣ್ಯ ಕೆಲವದಾಗ 15 ಗೆರಿ, ಕೆಲವದಾಗ 10 ಗೆರಿ, ಕೆಲವದಕ್ಕ ಸ್ಟಾರ್ ಇಲ್ಲ. ಮಿಂಟ್ ತಪ್ಪೇನು, ಖೋಟಾ ಏನು? (ಆಳಂದ)

ಉತ್ತರ: ಎರಡೂ ಅಲ್ಲ. ಡಿಸೈನೇ ಬ್ಯಾರೆ ಬ್ಯಾರೆ, ಆವಾಗಲೇ 14 ನಮೂನಿ ಇದ್ದವು, ಎಲ್ಲಾ ನಡೀತಾವ ಅಂತ 2018ರ ಜನವರಿದಾಗೇ ರಿಸರ್ವ್ ಬ್ಯಾಂಕ್ ಹೇಳ್ಯಾದ. ಆಟೋದವ್ರು ಒಲ್ಲೆ ಅಂತಾರ, ಅದು ಬ್ಯಾರೆ ಮಾತು. ಸ್ಟಾರ್ ಅಂದ್ರ ಹೈದರಾಬಾದ್ ಮಿಂಟಿನ ಗುರ್ತು, ನೋಯ್ಡಾದ್ದಕ್ಕ ಚುಕ್ಕಿ, ಮುಂಬೈದ್ದಕ್ಕ ಡೈಮಂಡ್, ಕೋಲ್ಕತ್ತಾದ್ದಕ್ಕ ಗುರ್ತೇ ಇರಂಗಿಲ್ಲ. ಹತ್ರೂಪಾಯಿದಾಗ ಹುಡುಕೋದಾದ್ರ ನಡುವಿನ ಬಿಳಿ ಬಿಲ್ಲಿ ಬದಿಗೆ ಸರದು ಹೊರಗಿನ ಹಳದಿ ಬಳಿ ಮ್ಯಾಲ ಹತ್ತಿದ್ದು, ಮ್ಯಾಲ ಅಚ್ಚು ಒತ್ತಿದ್ದು ಹುಡುಕ್ರಿ. ನಡುವಿನ ಬಿಲ್ಲಿ ಬಿದ್ದುಹೋಗಿ ತೂತಾಗಿದ್ರ ಯಾರೋ ಸುತ್ತಿಗಿ ಹಾಕ್ಯಾರ ಅಂತ ಮೊದಲು ಅನುಮಾನ ಪಡ್ರಿ.

ಇನ್ನೊಂದು ಮನ್ಯಾಗೇ ಮಾಡೋ ಪರೀಕ್ಷಾ ಅದ. ಸಿಂಹ ನೆಟ್ಟಗ ಇರೋಹಂಗ ನಾಣ್ಯನ್ನ ಮ್ಯಾಲ ಕೆಳಗ ಎರಡು ಬೆರಳಿನಾಗ ಹಿಡದು, ಪುಸ್ತಕದ ಹಾಳಿ ತಿರುವಿದಂಗ ಬಾಜೂಕ ತಿರುವ್ರಿ. ನಮ್ಮ ನಾಣ್ಯದ ಹಿಂದಿನ ಕಡೆನೂ ನೆಟ್ಟಗೇ ಬರಬೇಕು. ವಾಲಿದ್ರ, ತಲಿಕೆಳಗಾಗಿದ್ರ ಅಚ್ಚು ತಿರುಗ್ಯಾದ ಅಂತರ್ಥ, ಒಂದೇ ತುಂಡಿನ ಖರೆ ನಾಣ್ಯದಾಗ ಅದನ್ನ ಹೊರಗ ಯಾರೂ ಮಾಡಾಕ ಬರಂಗಿಲ್ಲ.

ಪ್ರಶ್ನೆ: ನಾವು ಕಲಬುರಗಿ ಶಹಾಬಜಾರದವ್ರು. ನಮ್ಮ ಅಜ್ಜಿ ಪೆಟ್ಟಿಗ್ಯಾಗ ಒಂದು ತಾಮ್ರದ ಗಡುಸು ನಾಣ್ಯ, ಎರಡು ಚಾರ್ಮಿನಾರ್ ಬೆಳ್ಳಿ ರೂಪಾಯಿ ಸಿಕ್ಕವ. ತಾಮ್ರದ್ದರ ಬರಹ ಅರ್ಧಕ್ಕೇ ಕಟ್ ಆಗ್ಯಾದ. ಚಾರ್ಮಿನಾರದ ಬಾಗಿಲಾಗ ಇರೋ ಅಕ್ಷರ ಒಂದರಾಗ ಸಣ್ಣದು, ಒಂದರಾಗ ದೊಡ್ಡದು. ಅಜ್ಜಿ ತಾಮ್ರದ್ದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡ್ಯಾಳ.

ಉತ್ತರ: ಅಯ್ಯೋ ಯಪ್ಪಾ! ಆ ತಾಮ್ರದ್ದು ಬಹಮನಿ ಕಾಲದ್ದಿದ್ದರೂ ಇರಬಹುದು, ನೋಡದ ಹೇಳಾಕ ಬರಂಗಿಲ್ಲ. 1347ರಾಗ ಶುರುವಾದ ಬಹಮನಿ ರಾಜ್ಯಕ್ಕ ನಮ್ಮ ಕಲಬುರಗಿನೇ ರಾಜಧಾನಿ ಆಗಿತ್ತು, ಆಮ್ಯಾಲ ರಾಜಧಾನಿ ಬೀದರಿಗಿ ಹೋತು, ಅದಕ್ಕ ನಮ್ಮ ಕಡೆ ಹಳೇ ಮನಿ ಅಗದಲ್ಲಿ ಇಂಥಾವು ಸಿಗ್ತಾವ. ಆಗ ಮಷೀನ್ ಎಲ್ಲಿದ್ವು? ಬಿಲ್ಲಿನ್ನ ಕೆಳಗಿನ ಅಚ್ಚಿನ ಮ್ಯಾಲ ಇಟ್ಟು, ಮ್ಯಾಲೊಂದು ಅಚ್ಚು ಹಿಡದು ಸುತ್ತಿಗ್ಯಾಗ ಹೊಡಿತಿದ್ರು. ಅಚ್ಚು ದೊಡ್ಡದು, ಬಿಲ್ಲಿ ಸಣ್ಣದು, ಅರ್ಧ ಬರಹ ಹೊರಗೇ ಉಳೀತಿತ್ತು. ಈಗಿನ ನಾಣ್ಯದಾಗ ಅದು ತಪ್ಪು, ಆವಾಗ ಅದೇ ಮಾಮೂಲಿ. ಪೂರ್ತಿ ಬರಹ ಕೂತಿದ್ದೇ ಅಪರೂಪ, ಅದಕ್ಕೇ ಬೆಲಿ.

ಚಾರ್ಮಿನಾರದ್ದೂ ತಪ್ಪಲ್ಲ. ಬಾಗಿಲಾಗಿನ ಅಕ್ಷರ ಐನ್, ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲ ಉರ್ದು ಅಕ್ಷರ. 1911ರಾಗ ಅವರು ಹೈದರಾಬಾದ್ ನಿಜಾಮ ಆದ ಮ್ಯಾಲ ಮೊದಮೊದಲು ಹೊಡೆದದ್ದರಾಗ ಸಣ್ಣ ಐನ್, ಆಮ್ಯಾಲಿನವದಾಗ ಪೂರ್ತಿ ಐನ್. ಅವರಪ್ಪ ಮಹಬೂಬ್ ಅಲಿ ಖಾನ್ ಕಾಲದಾಗ ಅಲ್ಲೇ ಅವರ ಹೆಸರಿನ ಮೊದಲ ಅಕ್ಷರ ಮೀಮ್ ಇರ್ತಿತ್ತು. ಅಚ್ಚೇ ಬದಲಾಗ್ಯಾದ, ತಪ್ಪಿಲ್ಲ. ಎರಡೂ ನಮೂನಿ ಒಂದೇ ಪೆಟ್ಟಿಗ್ಯಾಗ ಸಿಕ್ಕದ್ದು ನಿಮ್ಮ ನಸೀಬು.

ತಾಮ್ರದ್ದರ ಮ್ಯಾಲಿನ ಆ ಹಳೇ ಕಂದು ಪದರ ತಿಕ್ಕಿ ಹೋದ್ರ ಹಂಗೇ ತಿರುಗಿ ಬರಂಗಿಲ್ಲ, ಬೆಲಿ ಅದಕ್ಕೂ ಇತ್ತು. ಬೆಳ್ಳಿವು ಎರಡನ್ನ ಇವತ್ತೇ ಬ್ಯಾರೆ ಬ್ಯಾರೆ ಕಾಗದದ ಚೀಟಿನಾಗ ಸುತ್ತಿ ಅಜ್ಜಿ ಕೈಗೆ ಸಿಗದಂಗ ಎತ್ತಿಡ್ರಿ.