ಕೈಮುಗಿಯುವುದು ಬೇರೆ, ನಿಲುವು ಬೇರೆ

ಓದುಗರ ಪತ್ರ: "ನಾನು ಕೊಡಗಿನ ನಾಪೋಕ್ಲು ಕಡೆಯವಳು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಚುನಾವಣೆ ಬಂತೆಂದರೆ ನಮ್ಮ ಕಡೆ ಬರುವ ಅಭ್ಯರ್ಥಿಗಳು ಬೆಳಿಗ್ಗೆ ಪಾಡಿ ಇಗ್ಗುತ್ತಪ್ಪನಿಗೆ ಕೈಮುಗಿದು, ಮಧ್ಯಾಹ್ನ ಎಮ್ಮೆಮಾಡು ದರ್ಗಾಕ್ಕೆ ಹೋಗಿ, ಭಾನುವಾರ ಚರ್ಚ್ ಬಾಗಿಲಲ್ಲಿ ನಿಲ್ಲುತ್ತಾರೆ. ಸರ್ಕಾರ ಬೇರೆ, ಧರ್ಮ ಬೇರೆ ಇರಬೇಕು ಅನ್ನುವ ವಿಚಾರದಲ್ಲಿ ಇವರಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳಿಯುವುದು ಹೇಗೆ? ಯಾರು ಪರ, ಯಾರು ವಿರೋಧ ಅಂತ ನೀವೇ ಒಂದು ಪಟ್ಟಿ ಮಾಡಿ ಹಾಕಬಾರದೇಕೆ?"

ಸಂಪಾದಕರ ಉತ್ತರ:

ನಮಸ್ಕಾರ ಟೀಚರ್. ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ನೀವು ಹೇಳಿದ ಹಾಗೆ ಪಟ್ಟಿ ಮಾಡೋಣ ಅಂತಲೇ ಕೂತಿದ್ದೆ. ಹಾಳೆ ಮಧ್ಯೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಅಂತ ಬರೆದೆ. ಹೆಸರು ತುಂಬಲು ಹೋದಾಗ ಒಬ್ಬರನ್ನೂ ನೆಟ್ಟಗೆ ಒಂದೇ ಕಡೆ ಇಡೋಕೆ ಆಗಲಿಲ್ಲ. ವೇದಿಕೆ ಹತ್ತಿದವರೆಲ್ಲ "ಎಲ್ಲ ಧರ್ಮದವರೂ ನಮಗೆ ಒಂದೇ" ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಅದರಿಂದ ಅವರ ನಿಲುವು ಗೊತ್ತಾಗುವುದಿಲ್ಲ.

ಪದದಲ್ಲೇ ಒಂದು ಗೊಂದಲ ಇದೆ. ಒಬ್ಬರು ಜಾತ್ಯತೀತ ಅನ್ನುತ್ತಾರೆ, ಇನ್ನೊಬ್ಬರು ಧರ್ಮನಿರಪೇಕ್ಷ, ಮತ್ತೊಬ್ಬರು ಸರ್ವಧರ್ಮ ಸಮಭಾವ. ಮೂರರ ಅರ್ಥವೂ ಬೇರೆ ಬೇರೆ, ಅಲ್ವಾ? ಜಾತಿ ಮೀರಿ ನಿಲ್ಲುವುದೇ ಬೇರೆ, ಧರ್ಮದ ಹಂಗಿಲ್ಲದೆ ಆಡಳಿತ ನಡೆಸುವುದೇ ಬೇರೆ, ಎಲ್ಲ ಧರ್ಮಕ್ಕೂ ಸಮವಾಗಿ ಹಂಚುವುದೇ ಬೇರೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಇರುವ "ಸೆಕ್ಯುಲರ್" ಅನ್ನುವ ಪದ ಸಂವಿಧಾನದ ಪೀಠಿಕೆಗೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದನ್ನು ತೆಗೆಯಬೇಕು ಅಂತ ಹೋದ ಅರ್ಜಿಗಳನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಕೇಸಿನಲ್ಲಿ, 1994ರಲ್ಲೇ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದು ಸಂವಿಧಾನದ ಮೂಲ ರಚನೆಗೆ, ಅಂದರೆ ಸಂಸತ್ತೂ ಅಳಿಸಲಾಗದ ಭಾಗಕ್ಕೆ, ಸೇರಿದ್ದು ಅಂತ ಹೇಳಿಯಾಗಿದೆ. ಹಾಗಾಗಿ "ನೀವು ಜಾತ್ಯತೀತರೋ ಅಲ್ಲವೋ" ಅಂತ ಅಭ್ಯರ್ಥಿಯನ್ನು ಕೇಳುವುದರಲ್ಲಿ ಹೆಚ್ಚು ಪ್ರಯೋಜನ ಇಲ್ಲ.

ಅಭ್ಯರ್ಥಿಗಳು ಇಗ್ಗುತ್ತಪ್ಪನಿಗೂ ಎಮ್ಮೆಮಾಡಿಗೂ ಹೋಗುತ್ತಾರಲ್ಲ, ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಹೋಗಲಿ. ದೈವಭಕ್ತರು ಸರ್ಕಾರವನ್ನು ಧರ್ಮದಿಂದ ದೂರ ಇಡಬಲ್ಲರು. 1949ರ ಅಕ್ಟೋಬರ್ 17ರಂದು, ನಮ್ಮಲ್ಲಿ ಕಾವೇರಿ ತೀರ್ಥೋದ್ಭವ ಆಗುವ ಹೊತ್ತಿನಲ್ಲೇ, ದೆಹಲಿಯ ಸಂವಿಧಾನ ಸಭೆಯಲ್ಲಿ ಒಂದು ಮತದಾನ ನಡೆಯಿತು. ಪೀಠಿಕೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಎಂದು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಸೂಚಿಸಿದ್ದರು. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದು ಸೂಚನೆ ಸೋತಿತು. ವಿರುದ್ಧ ಮತ ಹಾಕಿದ 68 ಮಂದಿಯೂ ನಾಸ್ತಿಕರಾಗಿರಲಿಲ್ಲ. ಮನೆಯಲ್ಲಿ ದೀಪ ಹಚ್ಚಿ ಬಂದವರೂ ಇದ್ದರು. ನಂಬಿಕೆಯನ್ನು ಯಾರ ಮೇಲೂ ಹೇರಬಾರದು ಅನ್ನುವುದು ಅಲ್ಲಿ ಬಂದ ವಾದ. ಕೊಡಗಿನ ಪ್ರತಿನಿಧಿಯಾಗಿ ಸಿ.ಎಂ. ಪೂಣಚ್ಚ ಇದ್ದ ಸಭೆ ಅದು. ಯಾವಾಗ ಇದನ್ನು ನೆನೆಸಿಕೊಂಡರೂ ನನಗೆ ಧೈರ್ಯ ಬರುತ್ತದೆ.

ಈ ವಿಚಾರ ಎತ್ತಿದರೆ ನಮ್ಮೂರಲ್ಲಿ ಒಂದು ಮಾತು ಯಾವಾಗಲೂ ಬರುತ್ತದೆ. "ನಮ್ಮ ರಾಜರೇ ಮಾಡಿ ತೋರಿಸಿದ್ದಾರಲ್ಲ" ಅಂತ. ನಿಜ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕೊಳದ ಮೆಟ್ಟಿಲ ಮೇಲೆ ಕೂತು ನೋಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಒಳಗೆ ಶಿವಲಿಂಗ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು, ನೆಲೆ ಕೇಳಿ ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟಿದ್ದ. ಎರಡನ್ನೂ ನೋಡಿದರೆ ಹೆಮ್ಮೆಯಾಗುತ್ತದೆ. ಆದರೆ ಟೀಚರ್, ಅದು ರಾಜ ಮನಸ್ಸು ಮಾಡಿ ಕೊಟ್ಟದ್ದು. ಅವನ ಮಗನೋ ಮೊಮ್ಮಗನೋ ಮನಸ್ಸು ಬದಲಾಯಿಸಿದ್ದರೆ ಕೇಳುವವರು ಯಾರೂ ಇರಲಿಲ್ಲ. ಇವತ್ತು ಖಜಾನೆಯಲ್ಲಿರುವುದು ನೀವು ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟುವ ತೆರಿಗೆ. ಅಭ್ಯರ್ಥಿಯೊಬ್ಬರು "ನಾನು ಎಲ್ಲರಿಗೂ ಕೊಡಿಸುತ್ತೇನೆ, ದೇವಸ್ಥಾನಕ್ಕೂ ಮಸೀದಿಗೂ ಚರ್ಚಿಗೂ" ಅಂದಾಗ ಜನ ಚಪ್ಪಾಳೆ ಹೊಡೆಯುತ್ತಾರೆ, ನನಗೆ ಮಾತ್ರ ರಾಜರ ಕಾಲಕ್ಕೆ ಹಿಂದೆ ಹೋದ ಹಾಗೆ ಅನ್ನಿಸುತ್ತದೆ, ಯಾಕೆಂದರೆ ಕೊಡಿಸುವವರ ಕೈಯಲ್ಲಿ ನಿಲ್ಲಿಸುವ ಅಧಿಕಾರವೂ ಇರುತ್ತದೆ.

ಆದ್ದರಿಂದ ದುಡ್ಡಿನ ಲೆಕ್ಕ ಕೇಳಿ. ಯಾವುದೋ ಒಂದು ಧರ್ಮವನ್ನು ಬೆಳೆಸುವುದಕ್ಕೆ ಅಂತಲೇ ಎತ್ತಿಟ್ಟ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಸಂವಿಧಾನದ 27ನೇ ವಿಧಿ ಹೇಳುವುದು ಅದನ್ನೇ. ಹಜ್ ಸಬ್ಸಿಡಿ ವಿರುದ್ಧ ಇದೇ ವಿಧಿ ಹಿಡಿದು ಕೋರ್ಟಿಗೆ ಹೋದವರಿದ್ದರು. ತೆರಿಗೆಯ ಸಣ್ಣ ಪಾಲು ಹೋದರೆ ತಪ್ಪಾಗುವುದಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಅದೇ ಕೋರ್ಟ್ ಹತ್ತು ವರ್ಷದೊಳಗೆ ಸಬ್ಸಿಡಿ ನಿಲ್ಲಿಸಿ ಅಂದಿತು, 2018ರಲ್ಲಿ ನಿಂತೂಹೋಯಿತು. 2022ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾಶಿ ಯಾತ್ರೆಗೆ ಹೋಗುವವರಿಗೆ ತಲಾ 5,000 ರೂಪಾಯಿ ಸಹಾಯಧನ ಶುರು ಮಾಡಿತು. ಈಗ ಹಜ್ ಸಬ್ಸಿಡಿ ನಿಂತದ್ದಕ್ಕೆ ಖುಷಿಪಟ್ಟವರನ್ನು ಕಾಶಿ ಬಗ್ಗೆ ಕೇಳಿ, ಕಾಶಿ ಹಣಕ್ಕೆ ಆಕ್ಷೇಪ ಮಾಡುವವರನ್ನು ಹಜ್ ಬಗ್ಗೆ ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಅವರಿಗೆ ಒಂದು ನಿಲುವು ಇದೆ ಅಂತ ಅರ್ಥ. ಆ ನಿಲುವು ನಿಮಗೆ ಒಪ್ಪಿಗೆ ಆಗದೇ ಇರಬಹುದು, ಅದು ಬೇರೆ ಮಾತು.

ಮುಜರಾಯಿ ವಿಷಯದಲ್ಲೂ ಹೀಗೇ. ಸರ್ಕಾರ ಮತ್ತು ಧರ್ಮ ದೂರ ಇರಬೇಕು ಅನ್ನುವವರು ದೇವಸ್ಥಾನಗಳ ಆಡಳಿತ ಸರ್ಕಾರದ ಕೈಯಲ್ಲಿ ಇರುವುದರ ಬಗ್ಗೆ ಏನು ಹೇಳುತ್ತಾರೆ? ಬಿಡಿಸುತ್ತೇವೆ ಅಂತ 2021ರ ಡಿಸೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದರು, ಕಾನೂನು ಬರಲಿಲ್ಲ. ದೊಡ್ಡ ದೇವಸ್ಥಾನಗಳಿಂದ ಸಾಮಾನ್ಯ ಸಂಗ್ರಹಣಾ ನಿಧಿಗೆ ಬರುವ ಪಾಲನ್ನು ಹೆಚ್ಚಿಸುವ ಮಸೂದೆಯನ್ನು 2024ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಸರ್ಕಾರ ತಂದಿತು. ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು, ವಿಧಾನಸಭೆ ಮತ್ತೆ ಪಾಸು ಮಾಡಿತು. ಆ ನಿಧಿ ಇರುವುದು ಆದಾಯ ಕಡಿಮೆ ಇರುವ ದೇವಸ್ಥಾನಗಳಿಗೆ, ಅಲ್ಲಿನ ಅರ್ಚಕರಿಗೆ. ಇನ್ನು ಸಣ್ಣ ದೇವಸ್ಥಾನಗಳಿಗೆ ಬರುವ ತಸ್ತೀಕ್ ಹಣವನ್ನು ಸರ್ಕಾರದ ದಾನ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ. ದೇವರ ಹೆಸರಿನ ಇನಾಂ ಜಮೀನು ಸರ್ಕಾರಕ್ಕೆ ಹೋದಾಗ ಅದರ ಬದಲಿಗೆ ವರ್ಷವರ್ಷ ಕೊಡುತ್ತೇವೆ ಅಂತ ಒಪ್ಪಿಕೊಂಡ ಹಣ ಅದು. ಓಟು ಕೇಳಿ ಬರುವವರಿಗೆ ಇಷ್ಟಾದರೂ ಗೊತ್ತಿರಬೇಕಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನೆಲ್ಲ ಕಣ್ಣಿಗೆ ಕಾಣುವಂತೆ ತೋರಿಸುವುದು ದೇವರಕಾಡು, ಅಂದರೆ ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರು ಊರಿನದು, ಹಬ್ಬ ಊರಿನದು, ನೆಲ ಮಾತ್ರ ಸರ್ಕಾರದ ಕಡತದಲ್ಲಿ. ಒಂದು ಕಾಲಕ್ಕೆ ಕಂದಾಯ ಇಲಾಖೆಯ ಕೈಯಲ್ಲಿತ್ತು, ಈಗ ಅರಣ್ಯ ಇಲಾಖೆಯದು. ಕಳೆದ ಶತಮಾನದ ಆರಂಭದಲ್ಲಿ 6,000 ಹೆಕ್ಟೇರ್ ದಾಟಿದ್ದದ್ದು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಕಳೆದುಹೋದ ಜಾಗದಲ್ಲಿ ತೋಟ ಎದ್ದಿದೆ, ಮನೆ ಎದ್ದಿದೆ.

ಹಿಂದಿನ ಚುನಾವಣೆಯಲ್ಲಿ ನಮ್ಮ ಕಣದಲ್ಲಿ ಕಾಫಿ ಒಣಗುತ್ತಿತ್ತು. ಇಬ್ಬರು ಹೆಂಗಸರು ಹಣ್ಣು ಕೆದಕುತ್ತಿದ್ದರು. ಅಭ್ಯರ್ಥಿಯೊಬ್ಬರು ಹತ್ತು ಜನರ ಜೊತೆ ಬಂದರು, ಚಪ್ಪಲಿ ಬಿಟ್ಟು ಕಣದ ಅಂಚಿನಲ್ಲಿ ನಿಂತು ಕೈಮುಗಿದರು. ನಮ್ಮೂರ ದೇವರಕಾಡಿನ ಒತ್ತುವರಿ ತೆರವಿಗೆ ನೀವು ಒಪ್ಪುತ್ತೀರಾ ಅಂತ ಕೇಳಿದೆ. ಅವರು ಪಕ್ಕದವರ ಮುಖ ನೋಡಿದರು. ಆಮೇಲೆ "ನಾವು ಯಾವತ್ತೂ ದೇವರ ಪರ" ಅಂದರು. ಹಣ್ಣು ಕೆದಕುತ್ತಿದ್ದ ಹೆಂಗಸರಲ್ಲಿ ಒಬ್ಬರು ಕೋಲು ನಿಲ್ಲಿಸಿ, "ಹಾಗಾದ್ರೆ ಬೇಲಿ ತೆಗೆಸ್ತೀರಾ?" ಅಂದರು. ಉತ್ತರ ಬರಲಿಲ್ಲ, ಎಲ್ಲರೂ ಜೀಪು ಹತ್ತಿದರು. ಎರಡು ದಿನ ಬಿಟ್ಟು ಇನ್ನೊಬ್ಬರು ಬಂದರು, ಚಿಕ್ಕ ವಯಸ್ಸಿನವರು. ಅದೇ ಪ್ರಶ್ನೆ ಕೇಳಿದೆ. "ನನಗೆ ಗೊತ್ತಿಲ್ಲ ಸಾರ್, ತಿಳ್ಕೊಂಡು ಹೇಳ್ತೇನೆ" ಅಂದರು. ಮೂರನೇ ದಿನ ಫೋನ್ ಮಾಡಿ, ಸರ್ವೆ ಮಾಡಿಸಿ ಕಲ್ಲು ನೆಡಿಸುವ ತನಕ ಒಪ್ಪಿಗೆ ಇದೆ, ಅಲ್ಲಿ ಗುಡಿಸಲು ಹಾಕಿಕೊಂಡಿರುವ ಬಡವರನ್ನು ಬೇರೆ ಜಾಗ ಕೊಡದೆ ಎಬ್ಬಿಸುವುದಕ್ಕೆ ಒಪ್ಪಿಗೆ ಇಲ್ಲ ಅಂದರು. ಅವರು ಗೆಲ್ಲಲಿಲ್ಲ. ಆದರೆ ಅವರು ಎಲ್ಲಿ ನಿಂತಿದ್ದಾರೆ ಅಂತ ನನಗೆ ಗೊತ್ತಾಯಿತು.

ಇನ್ನೊಂದು ವಿಷಯ ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿದ 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಗಲಭೆಯಲ್ಲಿ ಜೀವ ಹೋಯಿತು. 2019ರಲ್ಲಿ ಬಂದ ಸರ್ಕಾರ ಅದನ್ನು ರದ್ದು ಮಾಡಿತು. ಶುರು ಮಾಡಿದ್ದು ಸರಿಯೋ, ರದ್ದು ಮಾಡಿದ್ದು ಸರಿಯೋ ಅಂತ ಅಭ್ಯರ್ಥಿಗಳು ಗಂಟೆಗಟ್ಟಲೆ ಮಾತಾಡುತ್ತಾರೆ. ಒಂದು ಸಮುದಾಯಕ್ಕೆ ಗೌರವ, ಇನ್ನೊಂದಕ್ಕೆ ಗಾಯ ಅನ್ನಿಸುವ ಆಚರಣೆಯನ್ನು ಸರ್ಕಾರವೇ ಯಾಕೆ ಕೈಗೆತ್ತಿಕೊಳ್ಳಬೇಕು ಅಂತ ಕೇಳಿದವರು ಕಡಿಮೆ. ಹಾಗಂತ ಇದು ಎರಡು ಧರ್ಮಗಳ ನಡುವಿನ ವಿಷಯ ಮಾತ್ರ ಅಂದುಕೊಳ್ಳಬೇಡಿ. 2024ರ ಡಿಸೆಂಬರ್ ಕೊನೆಯಲ್ಲಿ ಕಟ್ಟೆಮಾಡಿನ ದೇವಸ್ಥಾನದಲ್ಲಿ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ಬರುವ ವಿಚಾರಕ್ಕೆ ಜಗಳವಾಗಿ ಜಿಲ್ಲಾಡಳಿತ ನಿಷೇಧಾಜ್ಞೆ ಹಾಕಬೇಕಾಯಿತು. ಅಕ್ಕಪಕ್ಕದ ತೋಟದವರು, ಒಂದೇ ದೇವರಿಗೆ ನಡೆದುಕೊಳ್ಳುವವರು. ಅಂಥ ಹೊತ್ತಿನಲ್ಲಿ ಶಾಸಕರಾದವರು ಯಾರ ಪರ ಹೋಗಿ ನಿಲ್ಲುತ್ತಾರೆ, ಅಥವಾ ಇಬ್ಬರನ್ನೂ ಕೂರಿಸಿ ಮಾತಾಡುತ್ತಾರಾ? ಇದನ್ನು ಚುನಾವಣೆಗೆ ಮೊದಲೇ ಕೇಳಿಡಬೇಕು.

ಕೇಳಿದರೆ ನಮ್ಮ ಮೇಲೇ ಕೇಸು ಬೀಳುತ್ತದಾ ಅಂತ ಕೆಲವರಿಗೆ ಭಯ. ಇಲ್ಲ. ಜನಪ್ರತಿನಿಧಿ ಕಾಯ್ದೆಯ 123(3) ತಡೆಯುವುದು ಧರ್ಮ, ಜಾತಿ, ಭಾಷೆ ಹೆಸರು ಹೇಳಿ ಓಟು ಕೇಳುವುದನ್ನು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮ ಹೇಳಿ ಕೇಳಿದರೂ ತಪ್ಪೇ ಅಂತ 2017ರ ಜನವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಹೇಳಿದೆ. ಸರ್ಕಾರದ ಹಣ, ಭೂಮಿ, ಕಾನೂನಿನ ಬಗ್ಗೆ ಮತದಾರರು ಪ್ರಶ್ನೆ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಿಮ್ಮ ಊರಿನ ದೇವಸ್ಥಾನದ ಅಂಗಳದಲ್ಲೋ ಮಸೀದಿಯ ಹಾಲಿನಲ್ಲೋ ಪ್ರಚಾರ ಸಭೆ ಮಾಡಿದರೆ ಮಾತ್ರ ಅದು ನೀತಿಸಂಹಿತೆಗೆ ವಿರುದ್ಧ, ದೂರು ಕೊಡಬಹುದು.

ಅಭ್ಯರ್ಥಿಗಳ ಪ್ರಮಾಣಪತ್ರವನ್ನೂ ಸುಮ್ನೆ ಬಿಡಬೇಡಿ. ಆಸ್ತಿ ಎಷ್ಟು ಅಂತ ನೋಡಿ ಎಲ್ಲರೂ ಮಡಚಿಡುತ್ತಾರೆ. ಕೇಸುಗಳ ಪುಟ ತೆಗೆಯಿರಿ. ಹಳೆಯ ದಂಡಸಂಹಿತೆಯ 153ಎ, 295ಎ, ಅಥವಾ 2024ರ ಜುಲೈಯಿಂದ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 196, 299 ಅಂತ ಇದೆಯಾ ನೋಡಿ. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ, ಧಾರ್ಮಿಕ ಭಾವನೆಗೆ ಬೇಕಂತಲೇ ನೋವು ಮಾಡಿದ ಆರೋಪದ ಕಲಮುಗಳು ಅವು. ಕೇಸು ಬಿದ್ದ ಮಾತ್ರಕ್ಕೆ ತಪ್ಪಿತಸ್ಥರು ಅಂತಲ್ಲ. ಆದರೆ ಏನು ಮಾತಾಡಿದ್ದಕ್ಕೆ ಕೇಸು ಬಿತ್ತು ಅಂತ ಕೇಳುವ ಹಕ್ಕು ನಿಮಗಿದೆ.

ಪಟ್ಟಿ ಹಾಕುವುದಿಲ್ಲ ಟೀಚರ್. ಅದರ ಬದಲು ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳಲ್ಲಿ ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಕೂಡಲೇ ಕಣದಲ್ಲಿ ಉಳಿದ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸುತ್ತೇವೆ. ಕಾಶಿ ಮತ್ತು ಹಜ್, ಮುಜರಾಯಿ, ದೇವರಕಾಡು, ಜಯಂತಿಗಳು, ಕಟ್ಟೆಮಾಡಿನಂಥ ಜಗಳ. ಪಕ್ಷೇತರರಿಗೂ ಕಳಿಸುತ್ತೇವೆ. ಬಂದ ಉತ್ತರವನ್ನು ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇವೆ, ಉತ್ತರ ಕೊಡದವರ ಹೆಸರಿನ ಕೆಳಗೆ ಜಾಗ ಖಾಲಿ ಬಿಡುತ್ತೇವೆ. ಸರ್ಕಾರಿ ಶಾಲೆಯ ಪ್ರಾರ್ಥನೆ, ಹಬ್ಬ, ಪೂಜೆ ಬಗ್ಗೆಯೂ ಒಂದು ಪ್ರಶ್ನೆ ಇರಬೇಕು ಅಂತ ನನ್ನ ಆಸೆ, ಅದನ್ನು ನನಗಿಂತ ಚೆನ್ನಾಗಿ ನೀವು ಬರೆಯುತ್ತೀರಿ. ಮೂವತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಮಕ್ಕಳ ಸಾಲಿನ ಮುಂದೆ ನಿಂತವರು ನೀವು. ಒಂದು ಪ್ರಶ್ನೆ, ನಾಲ್ಕು ಸಾಲು ಸಾಕು. ಮುಂದಿನ ವಾರದೊಳಗೆ ಕಳಿಸಿಕೊಡಿ.